ದಿಂಬಿನ ಗುಡ್ಡದ ಕಿವಿ

ಶಿರೋಳದ ಕಾಶೀಂಸಾಬನಿಗೆ ಮನುಷ್ಯರ ಮಾತು ಕೇಳಿಸುವುದಿಲ್ಲ, ಕಲ್ಲಿನ ಮಾತು ಮಾತ್ರ ಕೇಳಿಸುತ್ತದೆ ಎಂದು ನರಗುಂದದಿಂದ ಗಜೇಂದ್ರಗಡದವರೆಗೆ ಜನ ಹೇಳಿಕೊಂಡು ನಗುತ್ತಿದ್ದರು. ಆ ನಗೆಯಲ್ಲಿ ಕೆಡುಕಿರಲಿಲ್ಲ, ಮೆಚ್ಚುಗೆಯೇ ಇತ್ತು. ಚಹಾದಂಗಡಿಯಲ್ಲಿ ಬೆನ್ನ ಹಿಂದೆ ನಿಂತು ಎಷ್ಟು ಕೂಗಿದರೂ ತಿರುಗದ ಮುದುಕ, ಗುಡ್ಡದ ಮೇಲೆ ಬಂಡೆಗೊಂದು ಸುತ್ತಿಗೆಯ ಏಟು ಹಾಕಿ, ತುಸು ತಡೆದು, "ಇದು ಆಗತೈತಿ" ಎಂದನೆಂದರೆ ಮುಗಿಯಿತು. ಆ ಕಲ್ಲು ಬೀಸುವ ಕಲ್ಲಾಗಿ ಯಾವ ಮನೆ ಸೇರಿದರೂ, ಸೊಸೆ ಅತ್ತೆಯಾಗಿ ಅವಳ ಸೊಸೆಯೂ ಅತ್ತೆಯಾಗುವವರೆಗೆ ಸೀಳು ಬಿಡುತ್ತಿರಲಿಲ್ಲ. "ಇದು ಒಡಕ" ಎಂದರೆ ಅದನ್ನು ಅಲ್ಲೇ ಬಿಟ್ಟು ಮುಂದೆ ಹೋಗುತ್ತಿದ್ದ. ನಂಬದ ಕೆಲವರು ಅಂಥ ಕಲ್ಲನ್ನು ಒಯ್ದು ಬೇರೆಯವರ ಕೈಯಲ್ಲಿ ಕಡಿಸಿ ನೋಡಿದ್ದೂ ಉಂಟು. ಅದು ಎರಡು ಹೋಳಾದ ಮೇಲೆ, ಒಂದು ಹೋಳನ್ನು ಬಚ್ಚಲಿಗೂ ಇನ್ನೊಂದನ್ನು ಹಿತ್ತಲಿಗೂ ಹಾಕಿಕೊಂಡು ಬಾಯಿ ಮುಚ್ಚಿಕೊಂಡರು.

ಅವನು ಕಲ್ಲು ತರುತ್ತಿದ್ದ ಗುಡ್ಡ ದೊಡ್ಡದೇನಲ್ಲ. ಊರು ದಾಟಿ ಚಿಕ್ಕನರಗುಂದದ ಕಡೆಗೆ ಹೊಲದ ದಾರಿ ಹಿಡಿದರೆ, ಕರಿಮಣ್ಣಿನ ಎರೆಹೊಲಗಳ ನಡುವೆ ಒಂದು ಕರಿಯ ಗುಪ್ಪೆ ಕಾಣುತ್ತದೆ. ಬೆಳಗ್ಗೆ ಹಾಸಿಗೆ ಸುತ್ತಿಡುವಾಗ ಮನೆಯ ದಿಂಬುಗಳನ್ನೆಲ್ಲ ಒಂದು ಮೂಲೆಗೆ ಒಟ್ಟುತ್ತಾರಲ್ಲ, ಹಾಗೆ ಅಲ್ಲಿ ಗುಂಡು ಗುಂಡು ಕಲ್ಲುಗಳು ಒಂದರ ಮೇಲೊಂದು ಒರಗಿವೆ. ಒಂದರ ಹೊಟ್ಟೆ ಇನ್ನೊಂದರ ತಗ್ಗಿಗೆ ಸರಿಯಾಗಿ ಕೂತಿದೆ. ಅದಕ್ಕೇ ಅದು ದಿಂಬಿನ ಗುಡ್ಡ. ಯಾವುದೋ ರಕ್ಕಸನ ಹಾಸಿಗೆ ಎಂದು ಕೆಲವರು, ಯಾರೋ ಫಕೀರನ ಶಾಪ ಎಂದು ಕೆಲವರು ಕಥೆ ಕಟ್ಟಿದ್ದರು. ಕಾಶೀಂಸಾಬನಿಗೆ ಕಥೆಗಳ ಗೊಡವೆ ಇರಲಿಲ್ಲ. ಅವನ ಅಪ್ಪ ಅಲ್ಲಿ ಕಲ್ಲು ಕಡಿದಿದ್ದ, ಇವನೂ ಕಡಿದ.

ಈಗ ಹಿಟ್ಟಿನ ಗಿರಣಿ ಬಂದು, ಮಿಕ್ಸರು ಬಂದು, ಬೀಸುವ ಕಲ್ಲು ಕೇಳುವವರು ಎಲ್ಲಿದ್ದಾರೆ ಎಂದು ನೀವು ಅನ್ನಬಹುದು. ಇದ್ದಾರೆ. ಮದುವೆಯ ಅರಿಷಿಣ ಬೀಸಲು ಇವತ್ತಿಗೂ ಕಲ್ಲೇ ಬೇಕು. ಮಿಕ್ಸರಿಗೆ ಯಾರೂ ಕುಂಕುಮ ಹಚ್ಚುವುದಿಲ್ಲ. ಅದರ ಮೇಲೆ ಹೊಸ ಮನೆಯ ಹೊಸ್ತಿಲು, ಖಬರಸ್ತಾನದ ತಲೆಗಲ್ಲು. ಕೈ ತುಂಬ ಅಲ್ಲದಿದ್ದರೂ ಹೊಟ್ಟೆ ತುಂಬ ಕೆಲಸವಿತ್ತು.

ಹೆಂಡತಿ ಮದರಬಿ ಗಜೇಂದ್ರಗಡದ ನೇಕಾರರ ಮನೆಯ ಹುಡುಗಿ. ಆ ಮನೆಯಲ್ಲಿ ಮಗ್ಗ ಬೆಳಗಿನಿಂದ ಸಂಜೆವರೆಗೆ ಬಡಿಯುತ್ತಿತ್ತು. ಆ ಗದ್ದಲದಲ್ಲಿ ಒಂದು ಎಳೆ ಹರಿದರೂ ಹುಡುಗಿ ಒಲೆಯ ಮುಂದೆ ಕೂತಲ್ಲಿಂದಲೇ, "ಅಬ್ಬಾ, ನೂಲ ಹರೀತು" ಎಂದು ಅಪ್ಪನಿಗೆ ಕೂಗಿ ಹೇಳುತ್ತಿದ್ದಳಂತೆ. ಮದುವೆಯಾಗಿ ಬಂದ ಹೊಸತರಲ್ಲಿ ಇದನ್ನು ಹೇಳಿಕೊಂಡು ಜಂಬ ಪಟ್ಟಿದ್ದಳು. ಕಲ್ಲಿನ ಮನೆಯಲ್ಲಿ ನೂಲಿನ ಕಿವಿ ತಗೊಂಡು ಏನು ಮಾಡೋದು ಎಂದು ಕಾಶೀಂಸಾಬ ಛೇಡಿಸಿದ್ದ.

ಅವನ ಕಿವಿ ಹೋಗಿ ಹದಿನೈದು ವರ್ಷದ ಮೇಲಾಯಿತು. ಒಮ್ಮೆಗೇ ಹೋಗಲಿಲ್ಲ. ಮೊದಲು ಗುಬ್ಬಿಗಳ ಸದ್ದು ಹೋಯಿತು. ಆಮೇಲೆ ಹೊಲದಾಚೆಯ ಬಸ್ಸಿನ ಹಾರ್ನು. ಒಂದು ದಿನ ಅಜಾನ್ ಆಗಿದೆಯೋ ಇಲ್ಲವೋ ತಿಳಿಯದೆ ಮಸೀದಿಯ ಬಾಗಿಲಲ್ಲಿ ನಿಂತು ಒಳಗೆ ಇಣುಕಿ ನೋಡಬೇಕಾಯಿತು. ಕಬ್ಬಿಣದ ಮೇಲೆ ಕಬ್ಬಿಣ ಬಡಿಯುತ್ತ ಬದುಕಿದವರಿಗೆಲ್ಲ ಇದು ಬರುವುದೇ, ಅವನಪ್ಪನಿಗೂ ಬಂದಿತ್ತು. ಮಾತು ಕೇಳಿಸದಿದ್ದರೆ ಹೋಗಲಿ, ಹೇಗಾದರೂ ನಡೆಯುತ್ತದೆ. ಆದರೆ ಕಲ್ಲಿನ ದನಿಯೂ ಹೋಯಿತು. ಸುತ್ತಿಗೆ ಬಂಡೆಗೆ ತಾಕಿದ್ದು ಮೊಣಕೈಗೆ ಗೊತ್ತಾಗುತ್ತಿತ್ತು, ಕಿವಿಗೆ ಗೊತ್ತಾಗುತ್ತಿರಲಿಲ್ಲ. ಗಟ್ಟಿ ಕಲ್ಲು ಖಣ್ ಎನ್ನುತ್ತದೆ, ಒಳಗೆ ಸೀಳಿದ್ದು ದಪ್ ಎನ್ನುತ್ತದೆ. ಅವನಿಗೆ ಎರಡೂ ಒಂದೇ ಆದವು. ಒಂದರ ಹಿಂದೆ ಒಂದು ಕಲ್ಲು ಅರ್ಧ ಕಡಿದ ಮೇಲೆ ಹೋಳಾಗತೊಡಗಿದಾಗ ಅವನು ಗುಡ್ಡದ ಮೇಲೆ ಮೊಣಕಾಲಿಗೆ ತಲೆ ಕೊಟ್ಟು ಕೂತುಬಿಟ್ಟ. ಮನೆಗೆ ಬಂದು ಏನೂ ಹೇಳಲಿಲ್ಲ.

ಹೇಳದಿದ್ದರೆ ಹೆಂಡತಿಗೆ ತಿಳಿಯುವುದಿಲ್ಲವೇ? ಮರುದಿನ ಮದರಬಿ ರೊಟ್ಟಿಯ ಗಂಟು ಹೊತ್ತು ಗುಡ್ಡಕ್ಕೆ ಬಂದವಳು ಹಿಂದಿರುಗಲಿಲ್ಲ. ಬಂಡೆಯ ಆಚೆ ಬದಿಗೆ, ಅವನ ಎದುರಿಗೆ ಕುಳಿತಳು. ಅವನು ಒಂದು ಕಲ್ಲಿಗೆ ಬಡಿದ. ಅವಳು ಸುಮ್ಮನಿದ್ದಳು. ಇನ್ನೊಂದಕ್ಕೆ ಬಡಿದ. ಅವಳು ಸೆರಗಿನ ತುದಿಯಿಂದ ಆ ಕಲ್ಲಿನ ಮೇಲಿನ ಹುಡಿಯನ್ನು ಮೆಲ್ಲಗೆ ಒರೆಸಿದಳು. ಕಾಶೀಂಸಾಬನಿಗೆ ಸಿಟ್ಟು ನೆತ್ತಿಗೇರಿತು.

"ನಿನಗೇನು ತಿಳೀತೈತಿ ಕಲ್ಲಿಂದು? ಎದ್ದು ಮನೀಗಿ ನಡಿ!" ಎಂದ.

ಅವಳು ಏಳಲಿಲ್ಲ, ಮತ್ತೊಮ್ಮೆ ಒರೆಸಿದಳು. ಅವನು ಹಟಕ್ಕೆ ಬಿದ್ದು ಅದೇ ಕಲ್ಲನ್ನು ಕಡಿದ. ಒಡೆದರೆ ಅವಳಿಗೆ ಸರಿಯಾಗಿ ಬೈಯಬಹುದಲ್ಲ ಎಂದು ಒಂದೊಂದು ಏಟನ್ನೂ ಬೇಕೆಂದೇ ಗಟ್ಟಿಯಾಗಿ ಹೊಡೆದ. ಅದು ಒಡೆಯಲಿಲ್ಲ.

ಅಂದಿನಿಂದ ಅದೇ ರೂಢಿಯಾಯಿತು. ಅವನು ಸುತ್ತಿಗೆ ಎತ್ತಿದರೆ ಎದುರು ಬದಿಯಲ್ಲಿ ಕುಳಿತು ಕಲ್ಲು ಕಡಿಯುವ ಉಳಿ, ಆ ಚಾಣವನ್ನು ನೆಟ್ಟಗೆ ಹಿಡಿಯುವುದು ಅವಳ ಕೆಲಸ. ಅದಕ್ಕಾಗಿಯೇ ಬರುತ್ತಾಳೆಂದು ನೋಡುವವರು ತಿಳಿದರು. ಬಡಿದಾಗ ಅವಳು ಸೆರಗಿನಿಂದ ಒರೆಸಿದರೆ ಕಲ್ಲು ಗಟ್ಟಿ, ಒರೆಸದಿದ್ದರೆ ಒಡಕು. ಗಿರಾಕಿಗಳು ಪಕ್ಕದಲ್ಲೇ ನಿಂತಿದ್ದರೂ ಯಾರಿಗೂ ಗೊತ್ತಾಗಲಿಲ್ಲ. ಹೆಂಗಸು ಹುಡಿ ಒರೆಸುವುದನ್ನು ಯಾರು ನೋಡುತ್ತಾರೆ? ಗಂಡಹೆಂಡಿರು ತಾವಿಬ್ಬರೇ ಇರುವಾಗಲೂ ಅದರ ಬಗ್ಗೆ ಒಂದು ಮಾತು ಎತ್ತಲಿಲ್ಲ. ಅವನಿಗೆ ನಾಚಿಕೆ; ಅವನಿಗೆ ನಾಚಿಕೆ ಎಂದು ಅವಳಿಗೆ ಗೊತ್ತು.

ಕಾಶೀಂಸಾಬನ ಕಿವಿ ಪ್ರಸಿದ್ಧವಾದದ್ದು ಆಮೇಲೆಯೇ. ಕಿವಿ ಇದ್ದಾಗ ಅವನೂ ಆಗೊಮ್ಮೆ ಈಗೊಮ್ಮೆ ತಪ್ಪುತ್ತಿದ್ದ. ಈಗ ತಪ್ಪುವುದೇ ನಿಂತಿತು. ಗುಡ್ಡದ ಸುತ್ತಲಿನ ಹೊಲದ ಧಣಿ ಪ್ರಭುಲಿಂಗಪ್ಪನವರು ಹೋದಲ್ಲೆಲ್ಲ ಅವನ ಹೆಸರು ಹೇಳಿದರು. ರೋಣದಲ್ಲಿ ಯಾವುದೋ ಸಮಾರಂಭದಲ್ಲಿ ಅವನನ್ನು ಕರೆದು, "ಕಲ್ಲಿನ ದನಿ ಬಲ್ಲವರು" ಎಂದು ಮಾಲೆ ಹಾಕಿ ಕೆಂಪು ಶಾಲು ಹೊದಿಸಿದರು. ಅವನು ಗಡ್ಡ ನೀವಿಕೊಂಡು ನಿಂತ. ಮದರಬಿ ಹೆಂಗಸರ ಸಾಲಿನ ಕೊನೆಯಲ್ಲಿದ್ದಳು. ಕೆಳಗಿಳಿದು ಬಂದು ಶಾಲನ್ನು ಅವಳ ಕೈಗೆ ಕೊಟ್ಟ. ಅವಳು ಮಡಚಿ ಚೀಲದಲ್ಲಿಟ್ಟುಕೊಂಡಳು.

ಹೋದ ಚಳಿಗಾಲದಲ್ಲಿ ಪ್ರಭುಲಿಂಗಪ್ಪನವರ ಮಗಳು ಪೂಜಾ ತನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಗುಡ್ಡ ನೋಡಲು ಬಂದಳು. ಅವಳು ಧಾರವಾಡದಲ್ಲಿ ಭೂವಿಜ್ಞಾನ ಕಲಿಸುತ್ತಾಳೆ. ಚಿಕ್ಕಂದಿನಲ್ಲಿ ಇದೇ ಗುಡ್ಡದಲ್ಲಿ ಬಾರಿಹಣ್ಣು ತಿಂದು ಬೆಳೆದವಳು, ಈಗ ಅದರ ಮುಂದೆ ಗುರುವಿನ ಮುಂದೆ ನಿಂತ ಹಾಗೆ ನಿಂತಳು.

"ಚಾಚಿ, ಇದು ಮೊದಲ ಬೆಂಕಿ ಇತ್ತು, ಗೊತ್ತೇನು?" ಎಂದು ಅವಳು ಮದರಬಿಗೆ ಹೇಳಿದಳು. "ಸುಮಾರು ಇನ್ನೂರೈವತ್ತು ಕೋಟಿ ವರ್ಷದ ಹಿಂದಿನ ಮಾತು. ಆಗ ಇಲ್ಲೆ ಊರಿಲ್ಲ, ಎರಿ ಇಲ್ಲ, ಬರೇ ಸಮುದ್ರ. ಅದರ ತಳದಾಗ ನೆಲ ಬಿರದು, ಕರಗಿದ ಕಲ್ಲು ಉಕ್ಕಿ ಬಂತು. ನೀರು ತಾಕಿದ ಕೂಡಲೆ ಮ್ಯಾಲಿನ ಸಿಪ್ಪಿ ಗಟ್ಟಿ ಆತು. ಒಳಗ ಇನ್ನೂ ಕೆಂಡ. ಹಂಗ ಒಂದರ ಮ್ಯಾಲ ಒಂದು ಉರುಳಿ, ಮೆತ್ತಗ ಇರೂದರಾಗ ಒಂದಕ್ಕೊಂದು ಒತ್ತಿ ಕುಂತಾವ. ಅದಕ್ಕ ಈ ದಿಂಬಿನ ಆಕಾರ."

"ಹಂಗಾದ್ರ ಒಳಗ ಒಡಕ ಯಾಕ ಇರತಾವ ಬೇಟಿ?" ಎಂದು ಮದರಬಿ ಕೇಳಿದಳು. ಕೇಳುವಾಗಲೇ ಕೆಮ್ಮಿದಳು. ಮಳೆಗಾಲದಿಂದ ಅವಳಿಗೆ ಕೆಮ್ಮು ಹತ್ತಿತ್ತು.

"ಹೊರಗಿನ ಸಿಪ್ಪಿ ಲಗೂನ ಆರಿ ಬಿಗಿ ಹಿಡದಬಿಟ್ಟಿತು. ಒಳಗಿಂದು ಸಾವಕಾಶ ಆರಿತು. ಆರಿದ್ದು ಕುಗ್ಗಬೇಕು, ಹೌದಲ್ಲ? ಕುಗ್ಗಾಕ ಹೊರಗಿಂದು ಬಿಡಂಗಿಲ್ಲ. ಕಡೀಕ ಒಳಗ ಸೀಳತೈತಿ. ಮ್ಯಾಲ ನೋಡಿದ್ರ ಏನೂ ಕಾಣಂಗಿಲ್ಲ."

ಈ ಗುಡ್ಡ ಮೊದಲಿನಿಂದಲೂ ಇಷ್ಟೇ ಇತ್ತೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಪೂಜಾ ನಕ್ಕಳು. ಸಮುದ್ರದ ತಳ ಮಡಚಿ ಮೇಲೆದ್ದು ದೊಡ್ಡ ಬೆಟ್ಟವೇ ಆಗಿತ್ತು, ಎಷ್ಟು ದೊಡ್ಡದೋ ಈಗ ಹೇಳಲಾಗದು, ಮಳೆ ಗಾಳಿ ಬಿಸಿಲು ಕೂಡಿ ಅದನ್ನು ತಿಂದುಹಾಕಿದವು, ಈಗ ಉಳಿದಿರುವುದು ಅದರ ಬುಡ ಮಾತ್ರ ಎಂದಳು. ತಿಂದದ್ದು ಎಲ್ಲಿ ಹೋಯಿತು ಎಂದರೆ ಕೆಳಗಿನ ಹೊಲಗಳ ಕಡೆ ಕೈ ಮಾಡಿದಳು. ಈ ಕರಿಮಣ್ಣಿನಲ್ಲಿ ಇಂಥ ಕಲ್ಲುಗಳ ಹುಡಿ ಸೇರಿದೆ, ನಮ್ಮ ಜೋಳ, ಕಡಲೆ ಬೆಳೆಯುವುದು ಅದರಲ್ಲೇ ಎಂದಳು. ಮದರಬಿ ಹೊಲಗಳನ್ನು ಹೊಸದಾಗಿ ನೋಡಿದಂತೆ ನೋಡಿದಳು.

ಕಾಶೀಂಸಾಬ ಎಲ್ಲರ ಬಾಯಿ ನೋಡುತ್ತ, "ಹೌದ್ರಿ, ಹೌದ್ರಿ" ಎನ್ನುತ್ತಿದ್ದ. ಗಟ್ಟಿ ಕಲ್ಲನ್ನು ಹ್ಯಾಂಗ ಗುರುತು ಹಿಡೀತೀರಿ ಕಾಕಾ ಎಂದು ಪೂಜಾ ಕೇಳಿದಾಗ, "ಈ ವರ್ಷ ಜ್ವಾಳ ಚಲೋ ಅದಾವ ಬೇಟಿ" ಎಂದ. ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದರು. "ಕಿವೀಲೆ" ಎಂದು ಮದರಬಿಯೇ ಉತ್ತರ ಕೊಟ್ಟು, ಅವನ ಕೈಗೆ ಸುತ್ತಿಗೆ ಇಟ್ಟಳು. ಅವನು ಬಡಿದ. ಅವಳು ಒರೆಸಿದಳು. "ಇದು ಆಗತೈತಿ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನ ಫೋಟೋ ತೆಗೆದುಕೊಂಡರು. ಫೋಟೋಕ್ಕೆ ಅಡ್ಡವಾಗಬಾರದೆಂದು ಮದರಬಿ ತಾನಾಗಿಯೇ ಪಕ್ಕಕ್ಕೆ ಸರಿದಳು.

ಅಂದು ಸಂಜೆ ಶೇಂಗಾದುಂಡಿ ಕಟ್ಟಲು ಅವಳು ಒಲೆಯ ಮೇಲೆ ಬೆಲ್ಲದ ಪಾಕ ಇಟ್ಟಿದ್ದಳು. ಗಂಡನನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಪಾಕ ಬಂತೇ ಎಂದು ನೋಡಲು ಬಟ್ಟಲ ನೀರಿನಲ್ಲಿ ಒಂದು ಹನಿ ಬಿಡುತ್ತಾರಲ್ಲ, ಹಾಗೆ ಬಿಟ್ಟಳು. ಕುದಿಯುವ ಹನಿ ನೀರಿಗೆ ಬಿದ್ದು ಗುಂಡಗೆ ಕೂತಿತು. ಇನ್ನೊಂದು ಬಿಟ್ಟಳು, ಅದು ಮೊದಲನೆಯದರ ಮೇಲೆ ಒರಗಿತು. ಮತ್ತೊಂದು. ಬಟ್ಟಲ ತಳದಲ್ಲಿ ಒಂದು ಪುಟ್ಟ ಗುಡ್ಡ ಎದ್ದಿತು. ಅದನ್ನು ತೋರಿಸಿ, ಕಿಟಕಿಯಾಚೆ ಗುಡ್ಡದ ದಿಕ್ಕಿಗೆ ಬೆರಳು ಮಾಡಿದಳು. ಒಂದು ಹನಿಯನ್ನು ಎತ್ತಿ ಅವನ ಅಂಗೈಗಿಟ್ಟು ಒತ್ತಿದಳು. ಹೊರಗೆ ತಣ್ಣಗಿದ್ದದ್ದು ಒಳಗೆ ಇನ್ನೂ ಬಿಸಿ ಇತ್ತು. ಅವನು ಕೈ ಜಾಡಿಸಿದ.

"ಅಂದ್ರ ಅದು ಬೆಂಕೀನ?" ಎಂದು ಮನೆ ಹಾರುವಂತೆ ಕೂಗಿದ. "ಇಷ್ಟು ವರ್ಷ ನಾ ಆರಿದ ಬೆಂಕಿ ಕಡಕೊಂತ ಕುಂತೇನೇನು?"

ಮದರಬಿ ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ನಿಂತ ಮೇಲೆ ಗುಡ್ಡದ ಕಡೆ ಮತ್ತೊಮ್ಮೆ ತೋರಿಸಿದಳು. ಆಮೇಲೆ ತನ್ನ ತಲೆಯನ್ನು ತೋರಿಸಿ, ಎರಡು ಕೈ ಜೋಡಿಸಿ ಕೆನ್ನೆಗಿಟ್ಟುಕೊಂಡು ಕಣ್ಣು ಮುಚ್ಚಿದಳು. ನನ್ನ ತಲೆಯ ಹತ್ತಿರ ಅಲ್ಲಿಯದೇ ಒಂದು ಕಲ್ಲು ಇಡು ಎಂದು. ಕಾಶೀಂಸಾಬ ಹೊಡೆಯುವವನಂತೆ ಕೈ ಎತ್ತಿದ. ಅವಳು ಮತ್ತೂ ನಕ್ಕಳು.

ಗಜೇಂದ್ರಗಡದ ದವಾಖಾನೆಯಲ್ಲಿ ಎದೆಯ ಫೋಟೋ ತೆಗೆದು ನೋಡಿದರು. ಅಲ್ಲೇ ಮದುವೆಯಾಗಿ ಇದ್ದ ಮಗಳು ಸೈರಾಬಾನು ಜೊತೆಗಿದ್ದಳು. ಡಾಕ್ಟರು ಹೇಳಿದ್ದನ್ನು ಅವಳು ಅಪ್ಪನಿಗೆ ತಿಳಿಸಲೇಬೇಕಾಯಿತು. ನೆಲದ ಮೇಲಿನ ಧೂಳನ್ನು ಚಿಟಿಕೆ ತೆಗೆದು ತೋರಿಸಿ, ಎದೆ ಮುಟ್ಟಿಕೊಂಡಳು. ಕಲ್ಲಿನ ಹುಡಿ. ಗಾಳಿ ಅವನ ಬೆನ್ನ ಕಡೆಯಿಂದ ಬೀಸುತ್ತಿತ್ತು, ಅವಳು ಎದುರಿಗೆ ಕೂರುತ್ತಿದ್ದಳು. ಹುಡಿಯೆಲ್ಲ ಅವಳ ಕಡೆಗೇ ಹೋಗುತ್ತಿತ್ತು. ಇದು ಕಾಶೀಂಸಾಬನ ತಲೆಯಲ್ಲಿ ಮೊಳೆಯಂತೆ ನಾಟಿತು. ಅವಳು ಮನೆಯಲ್ಲಿದ್ದರೆ ಬದುಕುತ್ತಿದ್ದಳು. ತನ್ನ ಕಿವಿಯ ಮಾನ ಉಳಿಸಲು ಅವಳು ಬಂದು ಎದುರಿಗೆ ಕೂತಳು.

ಬೇಸಿಗೆಯ ಮೊದಲ ಬಿಸಿಗಾಳಿಯಲ್ಲಿ ಮದರಬಿ ಹೋದಳು. ರೋಣದ ಆ ಕೆಂಪು ಶಾಲನ್ನೇ ಹೊದ್ದು ಮಲಗಿದ್ದಳು. ಮನೆ ತುಂಬ ಹೆಂಗಸರು ಬಾಯಿ ತೆರೆದು ಅಳುತ್ತಿರುವುದು ಕಾಶೀಂಸಾಬನಿಗೆ ಕಂಡಿತು, ಕೇಳಿಸಲಿಲ್ಲ. ಅವಳ ಕೊನೆಯ ದಿನಗಳ ದನಿ ಹೇಗಿತ್ತು ಎಂದು ಅವನಿಗೆ ಗೊತ್ತೇ ಇಲ್ಲ. ಅವನ ನೆನಪಿನಲ್ಲಿ ಅವಳ ದನಿ ಹದಿನೈದು ವರ್ಷದ ಹಿಂದಿನದಾಗಿಯೇ ಉಳಿದಿತ್ತು. ಖಬರಸ್ತಾನದಲ್ಲಿ ಗುಣಿಗಿಳಿದು ಅವಳ ತಲೆಯ ಕೆಳಗೆ ಮಣ್ಣಿನ ಹೆಂಟೆ ಇಡುವಾಗ, ಮೃದುವಾದ ಹೆಂಟೆಯನ್ನೇ ಆರಿಸಿದ. ಎರೆಯ ಹೆಂಟೆ. ಪೂಜಾ ಹೊಲಗಳ ಕಡೆ ಕೈ ಮಾಡಿದ್ದು, ಆ ಮಣ್ಣೂ ಗುಡ್ಡದ್ದೇ ಎಂದು ಮದರಬಿ ಆಮೇಲೆ ಸನ್ನೆಯಲ್ಲಿ ತಿಳಿಸಿದ್ದು ಅವನಿಗೆ ನೆನಪಾಯಿತು.

ಸತ್ತವರಿಗಾಗಿ ನಲವತ್ತನೆಯ ದಿನ ಓದಿಸುವ ಫಾತಿಹಾದೊಳಗೆ ತಲೆಗಲ್ಲು ನಿಲ್ಲಬೇಕು ಎಂದು ಅವನು ಮನಸ್ಸಿನಲ್ಲಿ ಇಟ್ಟುಕೊಂಡ. ಜೀವಮಾನವಿಡೀ ಅವಳು ಕೇಳಿದ್ದು ಅದೊಂದೇ. ಸುತ್ತಿಗೆ, ಚಾಣ ತೆಗೆದುಕೊಂಡು ಒಬ್ಬನೇ ಗುಡ್ಡ ಹತ್ತಿದ.

ಒಂದು ಬಂಡೆಗೆ ಬಡಿದ. ಬಡಿದು, ರೂಢಿಯಂತೆ ತಲೆ ಎತ್ತಿ ಎದುರು ಬದಿಗೆ ನೋಡಿದ. ಅಲ್ಲಿ ಅವಳು ಕೂರುತ್ತಿದ್ದ ತಗ್ಗು ಮಾತ್ರ ಇತ್ತು, ಕೂತು ಕೂತು ನುಣ್ಣಗಾಗಿತ್ತು. ಆಗ ಅವನಿಗೆ ಅಳು ಬಂತು. ಖಬರಸ್ತಾನದಲ್ಲೂ ಅಳದವನು ಅಲ್ಲಿ ಸುತ್ತಿಗೆ ಹಿಡಿದುಕೊಂಡೇ ಹಸುಗೂಸಿನಂತೆ ಅತ್ತ. ಅತ್ತು, ಮೂಗು ಒರೆಸಿಕೊಂಡು, ಕಣ್ಣಳತೆಯ ಮೇಲೆಯೇ ಒಂದು ಕಲ್ಲನ್ನು ಆರಿಸಿದ. ಸಿಪ್ಪೆಯಲ್ಲಿ ಗೆರೆಯಿಲ್ಲ, ಬಣ್ಣ ಸಮ, ನೋಡಲು ಎಣ್ಣೆ ಹಚ್ಚಿದ ಹಾಗಿತ್ತು. ಒರಟು ತೆಗೆಯುವಷ್ಟರಲ್ಲೇ ಅದು ನಡುವೆ ಬಾಯಿ ಬಿಟ್ಟಿತು.

ಎರಡನೆಯದು ಅಷ್ಟು ಬೇಗ ಮೋಸ ಮಾಡಲಿಲ್ಲ. ಅದನ್ನು ಮನೆಯ ಅಂಗಳಕ್ಕೆ ತರಿಸಿ, ನುಣುಪು ಮಾಡಿ ನಿಲ್ಲಿಸಿದ. ಮಸೀದಿಯ ಪೇಶ್ ಇಮಾಮ ಅಬ್ದುಲಮಜೀದ ಸೀಮೆಸುಣ್ಣದಿಂದ ಅದರ ಮೇಲೆ ಹೆಸರು ಬರೆದುಕೊಟ್ಟ. ಕಾಶೀಂಸಾಬ ಓದಿದವನಲ್ಲ; ಅಕ್ಷರದ ಗೆರೆ ಹಿಡಿದು ಚಾಣ ಆಡಿಸುವುದು ಮಾತ್ರ ಗೊತ್ತು. ಹೆಸರೆಲ್ಲ ಮೂಡಿತು. ಕೊನೆಯ ಅಕ್ಷರದ ಬಾಲ ತಿರುವುವಾಗ ಕೈಗೆ ಏನೋ ಜಾರಿದಂತಾಯಿತು. ಹೆಸರಿನ ನಟ್ಟನಡುವೆ ಕೂದಲೆಳೆಯ ಗೆರೆಯೊಂದು ಓಡಿ, ಕಲ್ಲು ಅತ್ತ ಅರ್ಧ ಇತ್ತ ಅರ್ಧ ಬಿತ್ತು.

ಊರು ಮಾತಾಡಿತು. ದುಃಖದಲ್ಲಿ ಕೈ ನಡುಗುತ್ತಿದೆ ಎಂದರು. ಪ್ರಭುಲಿಂಗಪ್ಪನವರು ಬಂದು ಬೆನ್ನ ಮೇಲೆ ಕೈಯಿಟ್ಟು, ನರಗುಂದದಲ್ಲಿ ಮಿಷನ್ನಿನಿಂದ ಕೊರೆದ ಕಲ್ಲು ಸಿಗುತ್ತದೆ, ತಾವೇ ತರಿಸಿಕೊಡುವುದಾಗಿ ಕೈಸನ್ನೆ ಮಾಡಿ ತಿಳಿಸಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಕಾಶೀಂಸಾಬ ತಲೆಯಾಡಿಸಿ ಬೇಡವೆಂದ. ಅವಳು ಕೇಳಿದ್ದು ದಿಂಬಿನ ಗುಡ್ಡದ್ದು.

ಹೋಳುಗಳ ಮುಂದೆ ಕೂತ ಅಪ್ಪನನ್ನು ಸೈರಾಬಾನು ನೋಡಿದಳು. ಫಾತಿಹಾಕ್ಕೆಂದು ಮುಂಚೆಯೇ ಬಂದಿದ್ದಳು. ಅವಳು ಎದುರಿಗೆ ಕೂತು ಅವನ ಗಲ್ಲ ಹಿಡಿದೆತ್ತಿದಳು. ಆಗ ಅವನು ಹೇಳಿದ. ಹದಿನೈದು ವರ್ಷ ಹೆಂಡತಿಯೊಂದಿಗೂ ಆಡದ ಮಾತನ್ನು ಮಗಳಿಗೆ ಹೇಳಿದ. ಸೆರಗಿನಿಂದ ಒರೆಸಿದರೆ ಗಟ್ಟಿ, ಒರೆಸದಿದ್ದರೆ ಒಡಕು. ಅವ್ವನ ಸೀರೆಗಳ ಸೆರಗಿನ ತುದಿ ಯಾಕೆ ಯಾವಾಗಲೂ ಹರಿದಿರುತ್ತಿತ್ತು ಎಂದು ಸೈರಾಬಾನುವಿಗೆ ಈಗ ತಿಳಿಯಿತು. ಎಷ್ಟು ಸಲ ಅದಕ್ಕಾಗಿ ಅವ್ವನನ್ನು ಬೈದಿದ್ದಳು!

ಮರುದಿನ ಅಪ್ಪ ಮಗಳು ಗುಡ್ಡಕ್ಕೆ ಹೋದರು. ಅವಳು ತಾಯಿಯ ತಗ್ಗಿನಲ್ಲಿ ಕುಳಿತಳು. ಅವನು ಒಂದಕ್ಕೆ ಬಡಿದ, ಇನ್ನೊಂದಕ್ಕೆ ಬಡಿದ. ಅವಳಿಗೆ ಎರಡೂ ಕಲ್ಲಿನ ಸದ್ದೇ. ಯಾವುದು ಒಳ್ಳೆಯದು?

"ಗಟ್ಟಿ ಇದ್ದದ್ದು ಹ್ಯಾಂಗ ಕೇಳಸತೈತಿ ಅಬ್ಬಾ?" ಎಂದು ಅವನ ಮುಖಕ್ಕೆ ಮುಖ ಕೊಟ್ಟು ಬಿಡಿಸಿ ಬಿಡಿಸಿ ಕೇಳಿದಳು.

ಅವನು ಹೇಳಲು ಬಾಯಿ ತೆರೆದ. "ಅದು..." ಎಂದ. ಕಣ್ಣು ಮುಚ್ಚಿ ಹುಡುಕಿದ. ಖಣ್ ಎನ್ನುತ್ತದೆ ಎಂಬ ಮಾತು ನಾಲಿಗೆಯ ಮೇಲಿತ್ತು, ಆ ದನಿ ಮಾತ್ರ ಎಲ್ಲಿಯೂ ಇರಲಿಲ್ಲ.

"ಮರತೇನವ್ವ. ನನಗ ನೆಪ್ಪಿಲ್ಲ" ಎಂದ.

ಸೈರಾಬಾನು ಮದರಬಿಯ ಮಗಳು. ಅವನ ಕೈ ಹಿಡಿದು ಎಬ್ಬಿಸಿ ಮನೆಗೆ ಕರೆತಂದಳು. ಅಡುಗೆಮನೆಯ ಮೂಲೆಯಲ್ಲಿ ಅವ್ವನ ಬೀಸುವ ಕಲ್ಲಿತ್ತು, ಮದುವೆಯ ವರ್ಷ ಕಾಶೀಂಸಾಬ ತನ್ನ ಸ್ವಂತ ಕಿವಿಯಿಂದ ಆರಿಸಿ ಕಡಿದದ್ದು. ಅದರ ಮೇಲಿನ ಕಲ್ಲನ್ನು ಇಬ್ಬರೂ ಕೂಡಿ ಎತ್ತಿ, ನಡುವಿನ ಕಣ್ಣಿಗೆ ಹಗ್ಗ ಪೋಣಿಸಿ ತೊಲೆಗೆ ತೂಗಿಬಿಟ್ಟರು. ಸೈರಾಬಾನು ಕಿವಿಯನ್ನು ಹತ್ತಿರ ತಂದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಳು. ಇಡೀ ಅಡುಗೆಮನೆ ಗುಂಯ್‌ಗುಟ್ಟಿತು. ಮತ್ತೆ ತಟ್ಟಿದಳು, ಮತ್ತೆ. ಆಮೇಲೆ ಅಂಗಳಕ್ಕೆ ಹೋಗಿ ಒಡೆದ ಹೋಳಿಗೆ ತಟ್ಟಿ ನೋಡಿದಳು. ಆಗ ಬೇರೆಯಾಗಿ ಕೇಳಿಸಿತು. ಎರಡು ಮೂರು ದಿನ ಇದೇ ನಡೆಯಿತು. ನೆರೆಹೊರೆಯವರು, ಅವ್ವ ಸತ್ತ ಮೇಲೆ ಮಗಳಿಗೂ ತಲೆ ಕೆಟ್ಟಿತೇನೋ ಎಂದುಕೊಂಡರು.

ಬಾಯಿಗೆ ಬಟ್ಟೆ ಕಟ್ಟಿಕೊಂಡು ಅವಳು ಮತ್ತೆ ಗುಡ್ಡ ಹತ್ತಿದಳು. ಅವನ ಬಾಯಿಗೂ ಕಟ್ಟಿದಳು. ದೂರದ ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಗಿರಣಿಗಳು ನಿಧಾನಕ್ಕೆ ತಿರುಗುತ್ತಿದ್ದವು. ಅವನು ಬಡಿಯುತ್ತ ಹೋದ, ಅವಳು ಸುಮ್ಮನೆ ಕೇಳುತ್ತ ಹೋದಳು. ಬಿಸಿಲು ಏರಿತು. ಗುಡ್ಡದ ಬೆನ್ನಿಗೆ, ಎರಡು ದೊಡ್ಡ ದಿಂಬುಗಳ ನಡುವೆ ಸಿಕ್ಕಿಕೊಂಡಿದ್ದ ಒಂದು ಸಣ್ಣ ಕಲ್ಲಿಗೆ ಬಡಿದಾಗ ಅವಳ ಕುತ್ತಿಗೆ ನೆಟ್ಟಗಾಯಿತು. ಇನ್ನೊಮ್ಮೆ ಬಡಿಯಲು ಸನ್ನೆ ಮಾಡಿದಳು. ಬಡಿದ. ಅವಳು ಸೆರಗಿನ ತುದಿ ಹಿಡಿದು ಕಲ್ಲನ್ನು ಒರೆಸಿದಳು.

ಕಾಶೀಂಸಾಬ ಸುತ್ತಿಗೆ ಕೆಳಗಿಟ್ಟ.

ಆ ಕಲ್ಲು ಒಡೆಯಲಿಲ್ಲ. ಕೊನೆಯ ಅಕ್ಷರದ ಬಾಲವೂ ಸರಿಯಾಗಿ ತಿರುಗಿತು. ತನ್ನ ಕೈಯ ಪ್ರತಿ ಕಲ್ಲಿನ ಬುಡದಲ್ಲಿ ಕಾಶೀಂಸಾಬ ಗುರುತಿಗೆಂದು ಒಂದು ಅರ್ಧಚಂದ್ರ ಕೊರೆಯುತ್ತಿದ್ದ. ಸುತ್ತಲಿನ ಊರುಗಳಲ್ಲಿ ಆ ಗುರುತು ನೋಡಿಯೇ ಕಲ್ಲು ಕೊಳ್ಳುವವರಿದ್ದರು. ಇದರ ಮೇಲೆ ಅದನ್ನು ಕೊರೆಯಲಿಲ್ಲ. ಫಾತಿಹಾದ ಹಿಂದಿನ ದಿನ ಕಲ್ಲು ಮದರಬಿಯ ತಲೆಯ ಹತ್ತಿರ ನಿಂತಿತು.

ಫಾತಿಹಾದ ದಿನ ಮನೆ ತುಂಬ ಜನ. ಹಿಂದೂಗಳು, ಮುಸಲ್ಮಾನರು, ಅವನಿಂದ ಕಲ್ಲು ಒಯ್ದ ಮನೆಗಳವರೆಲ್ಲ ಬಂದಿದ್ದರು. ದುವಾ ಮುಗಿದು ಚಹಾ ಬರುವ ಹೊತ್ತಿಗೆ ಕಾಶೀಂಸಾಬ ಎದ್ದು ನಿಂತ. ಅವನು ಹೀಗೆ ನಾಲ್ಕು ಜನರ ಮುಂದೆ ಎದ್ದು ನಿಂತವನೇ ಅಲ್ಲ. ಕೈಯಲ್ಲಿ ಮಡಚಿದ ಕೆಂಪು ಶಾಲಿತ್ತು.

"ನನಗ ಕಿವಿ ಇಲ್ಲ" ಎಂದ. ತನ್ನ ದನಿ ಎಷ್ಟು ಜೋರಿದೆ ಎಂದು ಅವನಿಗೆ ಗೊತ್ತಿಲ್ಲವಲ್ಲ, ಬೀದಿಗೆ ಕೇಳುವಂತೆ ಹೇಳಿದ. "ಹೋಗಿ ಹದಿನೈದು ವರ್ಷ ಆತು. ನಾ ಬರೇ ಬಡದೇನಿ. ಕೇಳಿದಾಕಿ ಅಕಿ. ನಿಮ್ಮ ಮನ್ಯಾಗ ಇದ್ದ ಕಲ್ಲೆಲ್ಲಾ ಮದರಬಿ ಆರಿಸಿದ್ದು. ಈ ಶಾಲು ಅಕೀದು, ನಂದಲ್ಲ. ಅಕಿ ಜೀವ ಇದ್ದಾಗ ಹೇಳಬೇಕಿತ್ತು. ಹೇಳಲಿಲ್ಲ."

ಪ್ರಭುಲಿಂಗಪ್ಪನವರು ಕಣ್ಣೊರೆಸಿಕೊಂಡು ತಲೆದೂಗಿದರು.

"ಹೆಂಡತಿ ಮ್ಯಾಲ ಎಷ್ಟ ಜೀವ ನೋಡ್ರಿ" ಎಂದು ಪಕ್ಕದವರಿಗೆ ಹೇಳಿದರು. "ತನ್ನ ಹೆಸರೆಲ್ಲಾ ಅಕೀಗೇ ಕೊಟ್ಟುಬಿಟ್ಟ. ಇಂಥಾ ದೊಡ್ಡ ಮನಸು ಯಾರಿಗೈತ್ರಿ?"

"ದುಃಖದಾಗ ಮನಷ್ಯಾ ಹಂಗ ಮಾತಾಡತಾನ" ಎಂದ ಅಬ್ದುಲಮಜೀದ. "ನಾವ ಕಣ್ಣಾರೆ ಕಂಡೇವಲ್ಲ, ಅಕಿ ಪಾಪ ಹುಡಿ ಒರಸಕೊಂತ ಕುಂತಿರತಿದ್ಲು. ಕಲ್ಲಿನ ಕಿವಿ ಅಂದ್ರ ಕಾಶೀಂಸಾಬಂದ. ಅದರಾಗ ಎರಡು ಮಾತಿಲ್ಲ."

"ಖರೇ ಐತ್ರಿ, ಖರೇ ಐತಿ" ಎಂದು ಎಲ್ಲರೂ ತಲೆಯಾಡಿಸಿದರು. ಹೆಂಗಸರ ಕಡೆಯಿಂದಲೂ ಅದೇ. ಇಂಥ ಗಂಡ ಸಿಗಲು ಮದರಬಿ ಪುಣ್ಯ ಮಾಡಿದ್ದಳು ಎಂದು ಯಾರೋ ಅಂದರು.

ಕಾಶೀಂಸಾಬನಿಗೆ ಇದೊಂದೂ ಕೇಳಿಸಲಿಲ್ಲ. ಅವನಿಗೆ ಕಂಡದ್ದು ಇಷ್ಟು: ಕಣ್ಣಲ್ಲಿ ನೀರು ತುಂಬಿಕೊಂಡ ಮುಖಗಳು, ಹೌದು ಹೌದು ಎಂದು ಆಡುತ್ತಿರುವ ತಲೆಗಳು. ಅವನ ಮೈ ಸಡಿಲವಾಯಿತು. ಎಷ್ಟೋ ವರ್ಷದಿಂದ ಹೊತ್ತದ್ದನ್ನು ಇಳಿಸಿದವನಂತೆ ಉಸಿರು ಬಿಟ್ಟ. ಆದರೂ ಒಮ್ಮೆ ಖಾತ್ರಿ ಮಾಡಿಕೊಳ್ಳಬೇಕೆನಿಸಿ, ಅಡುಗೆಮನೆಯ ಬಾಗಿಲಲ್ಲಿ, ತೊಲೆಯಿಂದ ಇಳಿಸಿಟ್ಟಿದ್ದ ಅವ್ವನ ಬೀಸುವ ಕಲ್ಲಿನ ಪಕ್ಕ ಕೂತಿದ್ದ ಮಗಳ ಕಡೆಗೆ ತಿರುಗಿದ.

"ಎಲ್ಲಾರೂ ಕೇಳಿದ್ರಿಲ್ಲೋ ಬೇಟಿ?" ಎಂದ. "ತಿಳೀತಿಲ್ಲೋ ಅವರಿಗೆ?"

ಸೈರಾಬಾನು ಪ್ರಭುಲಿಂಗಪ್ಪನವರನ್ನು ನೋಡಿದಳು, ಇಮಾಮನನ್ನು ನೋಡಿದಳು. ಎದ್ದು ಕೂಗಿ ಹೇಳಬೇಕೆನಿಸಿತು, ಆದರೆ ಏಳಲಿಲ್ಲ. ಅವಳು ಎಷ್ಟು ಹೇಳಿದರೂ ಇವರು ನಂಬುವುದಿಲ್ಲ, ಆ ಜಗಳ ಮಾತ್ರ ಅವನಿಗೆ ಕಾಣುತ್ತದೆ. ಅಪ್ಪ ಕಾಯುತ್ತ ನಿಂತಿದ್ದ, ಅವಳ ಬಾಯಿಯನ್ನಲ್ಲ, ಕೈಯನ್ನೇ ನೋಡುತ್ತಿದ್ದ.

ಮದರಬಿ ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಒಡಕು ಕಲ್ಲನ್ನು ಒರೆಸಿರಲಿಲ್ಲ.

ಸೈರಾಬಾನು ಸೆರಗಿನ ತುದಿ ಹಿಡಿದು ಬೀಸುವ ಕಲ್ಲನ್ನು ಮೆಲ್ಲಗೆ ಒರೆಸಿದಳು.

"ಸಾಕವ್ವ" ಎಂದು ಕಾಶೀಂಸಾಬ ಕೂತುಕೊಂಡ. ಯಾರೋ ಕೈಗೆ ಚಹಾ ಕೊಟ್ಟರು. ಹೆಂಡತಿ ಸತ್ತ ಮೇಲೆ ಮೊದಲ ಸಲ ಅವನು ಅದನ್ನು ಪೂರ್ತಿ ಕುಡಿದ.